ಮುಚ್ಚಳ ಹಾಕದ ಕಂಪ್ಯೂಟರ್

ಆ ಬೀದಿಯವರಿಗೆಲ್ಲ ಅವಳು ಸ್ಕ್ರೂ ಅಕ್ಕ. ಹದಿನಾರು ವರ್ಷದಿಂದ ಆಟದ ಯಂತ್ರಗಳ ರಿಪೇರಿಯೇ ಅವಳ ಕಸುಬು. ಆಟಕ್ಕೆ ಕಂಪ್ಯೂಟರ್ ಒಳ್ಳೆಯದೋ ಟೀವಿಗೆ ಜೋಡಿಸಿ ಆಡುವ ಕನ್ಸೋಲ್ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಪುರಾಣ ಬಿಚ್ಚುತ್ತಾಳೆ.

"ಕನ್ಸೋಲ್ ಅಂದ್ರೆ ಮುಚ್ಚಿದ ಡಬ್ಬ ಕಣ್ರೀ. ಕಂಪನಿಯವರು ಹಾಕಿ ಕೊಟ್ಟಿದ್ದೇ ಗತಿ. ಕಂಪ್ಯೂಟರ್ ಆದ್ರೆ ಬಿಚ್ಚಿ, ಬೇಕಾದ ಕಾರ್ಡ್ ಹಾಕಿ, ಹೊಸದು ಮಾಡ್ಕೋಬಹುದು."

ಮಕ್ಕಳಿಗೆ ಯಾವುದು ಕೊಡಿಸಲಿ ಎಂದು ಕೇಳಲು ಮೊನ್ನೆ ಬಂದಿದ್ದ ಟೀಚರಮ್ಮ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಿಮ್ಮ ಕಂಪ್ಯೂಟರಲ್ಲಿ ನೀವು ಯಾವ ಆಟ ಆಡ್ತೀರಿ?" ಎಂದರು. ಅಕ್ಕ ಮೇಜಿನ ಮೇಲೆ ಸ್ಕ್ರೂಡ್ರೈವರ್ ಹುಡುಕತೊಡಗಿದಳು.

ಅಂಗಡಿಯ ಮೂಲೆಯಲ್ಲಿ ಅವಳ ಅತ್ತೆ ಕೂತಿದ್ದರು. ರಿಪೇರಿಯಾದ ಕನ್ಸೋಲುಗಳನ್ನು ಆಡಿ ನೋಡಿ ಪಾಸು ಮಾಡುವುದು ಅವರ ಕೆಲಸ. ಪರದೆಯಿಂದ ಕಣ್ಣು ಕೀಳದೆ ಅವರೇ ಉತ್ತರ ಕೊಟ್ಟರು: "ಇವಳು ಅದರ ಮುಚ್ಚಳ ತೆಗೆದಿಟ್ಟು ನಾಲ್ಕು ವರ್ಷ ಆಯ್ತಮ್ಮ. ಇವತ್ತು ಫ್ಯಾನು, ನಾಳೆ ಕಾರ್ಡು. ಅಷ್ಟರಲ್ಲಿ ನಾನು ಮುಚ್ಚಿದ ಡಬ್ಬದಲ್ಲೇ ಒಂಬತ್ತು ಆಟ ಮುಗಿಸಿದೆ."

ಟೀಚರಮ್ಮ ನಗುತ್ತಾ ಹೊರಟರು. ಅತ್ತೆ ಎರಡನೆಯ ಕಂಟ್ರೋಲರನ್ನು ಸೊಸೆಯ ಕೈಗೆ ತುರುಕಿ, "ಬಾ, ಇದನ್ನಾದ್ರೂ ಆಡು" ಎಂದರು.

ಸೊಸೆ ಪಕ್ಕದಲ್ಲಿ ಕೂತಳು. ಕಾರಿನ ರೇಸು ಶುರುವಾಯಿತು. ಅತ್ತೆಯ ಕಾರು ಒಂದು ಸುತ್ತು ಮುಗಿಸಿ ಬಂದರೂ ಸೊಸೆಯ ಕಾರು ನಿಂತಲ್ಲೇ ನಿಂತಿತ್ತು. ಅವಳು ಕಂಟ್ರೋಲರನ್ನು ಬೋರಲು ಹಿಡಿದು, ಸ್ಕ್ರೂ ಎಷ್ಟಿವೆ ಎಂದು ಎಣಿಸುತ್ತಿದ್ದಳು.