ಮೂಗಿನ ತಪಾಸಣೆ

ಶಿವಾಜಿನಗರದ ಆ ಲ್ಯಾಬಿನ ದೊಡ್ಡ ಡಾಕ್ಟರಿಗೆ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನ ಮುಚ್ಚಳ ಎತ್ತಿ ಮೂಸುವ ಅಭ್ಯಾಸ. ಮೂಸಿ ಅವರು ಹೆಸರು ಹೇಳಿದರೆ ಸಾಕು, ಬೇರೆ ಟೆಸ್ಟ್ ಇಲ್ಲದೆ ರೋಗಿಯ ರಿಪೋರ್ಟ್ ಹೋಗಿಬಿಡುತ್ತಿತ್ತು. ಲ್ಯಾಬಿನ ಗುಣಮಟ್ಟ ನೋಡಲು ಹೋಗಿದ್ದ ನಾನು ಕೇಳಿದೆ, "ಫ್ರಿಡ್ಜನ್ನೂ ದಿನಾ ಚೆಕ್ ಮಾಡ್ತೀರಿ ಸರ್. ಮೂಗನ್ನ?"

"ನೀನು ಹುಟ್ಟೋಕ್ ಮುಂಚಿಂದ ಮೂಸ್ತಿದೀನಮ್ಮ!"

ನನಗೆ ಗೊತ್ತಿದ್ದ ಬ್ಯಾಕ್ಟೀರಿಯಾದ ಪ್ಲೇಟೊಂದನ್ನು ಹೆಸರು ಬರೆಯದೆ ಮುಂದಿಟ್ಟೆ. ಮೂಸಿ, ಥಟ್ಟನೆ ತಪ್ಪು ಹೆಸರು ಹೇಳಿದರು. ನಿಜ ತಿಳಿಸಿದೆ.

"ಇವತ್ತು ನೆಗಡಿ ಕಣಮ್ಮ."

"ಹಾಗಾದ್ರೆ ಇವತ್ತಿನ ರಿಪೋರ್ಟೆಲ್ಲ ತಡೀರಿ ಸರ್. ಯಾರಿಗೋ ತಪ್ಪು ಔಷಧಿ ಹೋಗತ್ತೆ."

ಅವರ ದನಿ ತಗ್ಗಿತು. "ತಡೀತೀನಿ. ಆದ್ರೆ ನಿನ್ನ ತಪಾಸಣೆ ವರದೀಲಿ ಇದೊಂದನ್ನ ಬರೀಬೇಡಮ್ಮ, ಪ್ಲೀಸ್."

ನಾನು ಬರೆಯುತ್ತಲೇ ಇದ್ದೆ.