ಮೊಣಕಾಲಳತೆಯ ಕಲ್ಲುಗಳು

ಹೊಸೂರು ಸೀಮೆಯ ಬಾಗಲೂರಿನಿಂದ ಕರ್ನಾಟಕದ ಗಡಿಯ ಕಡೆಗೆ ಒಂದು ಗಂಟೆ ನಡೆದರೆ ನಮ್ಮ ಹಳ್ಳಿ. ಅಲ್ಲಿನ ಕುಡಿಯುವ ನೀರಿನ ಬಾವಿಯನ್ನು ತೋಡಿದವರು ಇಬ್ಬರೇ, ನಮ್ಮಪ್ಪ ಮತ್ತು ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹಾರೆ ಹಿಡಿದವನು ನಾನು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಎರಡು ಬೇಸಿಗೆ ಪೂರ್ತಿ, ಆ ಕರಿಬಂಡೆಯನ್ನು ಉಳಿಯಿಂದ ಕೆತ್ತಿ, ಕೊನೆಗೆ ಮದ್ದಿಟ್ಟು ಸಿಡಿಸಿ ಕೆಳಗಿಳಿದೆವು. ನೀರು ಸಿಕ್ಕ ದಿನ ಅಪ್ಪ ಬೊಗಸೆಯಲ್ಲಿ ತೆಗೆದು ಕುಡಿದು, ಮೀಸೆ ಒರೆಸಿಕೊಂಡು, "ನಿನ್ ಮೊಮ್ಮಕ್ಳ ಕಾಲ್ಕೂ ಸಾಕು ಕಣ್ಲಾ" ಎಂದ. ಅಪ್ಪನ ಬಾಯಿಂದ ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನು ನಾನು ಬಹಳ ವರ್ಷ ತಿಂದುಕೊಂಡು ಬದುಕಿದೆ.

ಹೂಳೆತ್ತಲು ಇಳಿಯಬೇಕಲ್ಲ, ಅದಕ್ಕೆಂದು ಬಾವಿಯ ಗೋಡೆಯಲ್ಲಿ ಕಲ್ಲುಗಳನ್ನು ಹೊರಚಾಚುವಂತೆ ಕೂರಿಸಿದೆ. ಅಳೆಯಲು ಟೇಪು ಇರಲಿಲ್ಲ. ಕೆಳಗಿನ ಕಲ್ಲಿನ ಮೇಲೆ ನಿಂತು, ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿ ಮುಂದಿನ ಕಲ್ಲು. ನಾನು ಉದ್ದ ಆಳು. ಹೂಳೆತ್ತುವವರು ಅಪ್ಪ ಮತ್ತು ನಾನು, ಇನ್ಯಾರು ಇಳಿಯುತ್ತಾರೆ ಅಂದುಕೊಂಡಿದ್ದೆ. ನೀರು ಸೇದುವ ಹೆಂಗಸರಿಗೆ ಮೇಲೆ ರಾಟೆ ಇತ್ತು, ಹಗ್ಗ ಇತ್ತು.

ಏಳೆಂಟು ವರ್ಷ ಹಾಗೇ ನಡೆಯಿತು. ಆಮೇಲೆ ಹೊಸೂರಿನಲ್ಲಿ ಒಂದಾದ ಮೇಲೊಂದು ಕಂಪನಿ ಎದ್ದವು, ಸುತ್ತಲಿನ ತೋಟಗಳಲ್ಲಿ ಬೋರಿನ ಲಾರಿಗಳು ಗುಡುಗತೊಡಗಿದವು. ಅದರಿಂದಲೋ ಮಳೆ ಕಡಿಮೆಯಾದದ್ದರಿಂದಲೋ ನನಗೆ ಗೊತ್ತಿಲ್ಲ, ವರ್ಷಕ್ಕೊಂದು ಮಾರು ಹಗ್ಗ ಸೇರಿಸಿ ಕಟ್ಟಬೇಕಾಯಿತು. ಕಟ್ಟುತ್ತಿದ್ದವನು ನಾನೇ. ಹಳೇ ಹಗ್ಗ ತುದಿಯಲ್ಲಿ ಸವೆದಿತ್ತು, ಅದಕ್ಕೇ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನನಗೂ ಹಾಗೇ ಹೇಳಿಕೊಳ್ಳುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲಿನ ಬೇಸಿಗೆಗಳಲ್ಲಿ ತಳದ ಬಂಡೆಯ ಗುಂಡಿಯೊಂದರಲ್ಲಿ ಮಾತ್ರ ನೀರು ನಿಲ್ಲುತ್ತಿತ್ತು. ಬಿಂದಿಗೆ ಇಳಿಬಿಟ್ಟರೆ ಬಂಡೆಗೆ ಬಡಿದು ಸದ್ದು ಮಾಡುತ್ತಿತ್ತೇ ಹೊರತು ತುಂಬುತ್ತಿರಲಿಲ್ಲ. ಒಬ್ಬಳು ಕೆಳಗಿಳಿದು ತೆಂಗಿನ ಚಿಪ್ಪಿನಲ್ಲಿ ಮೊಗೆದು ತುಂಬಿಸಬೇಕು, ಮೇಲಿದ್ದವರು ಹಗ್ಗದಲ್ಲಿ ಎಳೆದುಕೊಳ್ಳಬೇಕು. ಇಳಿಯುತ್ತಿದ್ದವಳು ಯಾವಾಗಲೂ ನನ್ನ ಹೆಂಡತಿ. "ನಿನ್ ಗಂಡ ಇಕ್ಕಿದ ಕಲ್ಲು ಕಣೇ, ನಿನ್ ಮಾತೇ ಕೇಳ್ತವೆ, ಇಳಿ" ಎಂದು ಉಳಿದವರು ನಗುತ್ತಿದ್ದರು. ಅವಳು ನನ್ನ ಭುಜದಷ್ಟು ಎತ್ತರದವಳು. ಸೀರೆ ಎತ್ತಿ ಕಟ್ಟಿ, ಮೇಲಿನ ಕಲ್ಲಿನ ಮೇಲೆ ಕೂತು, ಗೋಡೆಗೆ ಬೆನ್ನು ಸವರಿಕೊಂಡು ಜಾರಿ, ಕೆಳಗಿನ ಕಲ್ಲನ್ನು ಕಾಲಲ್ಲಿ ಹುಡುಕುತ್ತಿದ್ದಳು.

ಒಂದು ದಿನ ಉಣ್ಣುವಾಗ ಕೇಳಿದಳು. "ಎಲ್ಡು ಕಲ್ಲಿನ ಮಧ್ಯೆ ಇನ್ನೊಂದು ಇಕ್ಕಕ್ಕಾಗಲ್ವಾ? ಕಾಲು ಎಟುಕಲ್ಲ."

"ಮಳೆ ಬಂದ್ರೆ ನೀರು ಮ್ಯಾಕ್ಕೆ ಬರ್ತದೆ. ಆಮ್ಯಾಲೆ ಯಾರು ಇಳೀತಾರೆ" ಎಂದೆ.

ಅವಳು ಮತ್ತೆ ಕೇಳಲಿಲ್ಲ.

ಅದೇ ಹೊತ್ತಿಗೆ ನನಗೆ ಸರ್ವೆ ಕೆಲಸ ಸಿಕ್ಕಿತು. ಹಳ್ಳಿಗಳ ಕಷ್ಟವನ್ನು ಅಳೆದು ಬರೆದುಕೊಳ್ಳುವ ಸರ್ವೆ. ಮನೆಯಲ್ಲಿ ಎಷ್ಟು ಜನ, ಏನು ಉಣ್ಣುತ್ತಾರೆ, ನೀರು ಎಷ್ಟು ದೂರ, ವರ್ಷದಲ್ಲಿ ಎಷ್ಟು ತಿಂಗಳು ಇರುತ್ತದೆ, ತರುವವರು ಯಾರು. ಬಂದಿದ್ದ ಸಾರ್ ತಮಿಳುನಾಡಿನ ತೆಂಕಣದವರು, ಮೆತ್ತಗಿನ ಮನುಷ್ಯ. ಅವರಿಗೆ ತಮಿಳು ಬಿಟ್ಟರೆ ಇಂಗ್ಲಿಷು. ನಮ್ಮ ಕಡೆ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು. ತಮಿಳೂ ಸೇರಿ ಮೂರೂ ಬರುವ, ದೂರ ಅಳೆಯುವ ಸರಪಳಿ ಎಳೆಯುವ ತೋಳಿರುವ ಆಳು ಬೇಕಿತ್ತು. ಸಾರ್ ಮೊದಲ ದಿನವೇ ನನಗೆ ವಿವರಿಸಿದ್ದರು. ನೀರು ಹತ್ತಿರವಿದ್ದು ವರ್ಷವಿಡೀ ಸಿಕ್ಕರೆ ಅದು ಕಷ್ಟವಿಲ್ಲದ ಊರು. ದೂರವಿದ್ದರೆ, ಇಲ್ಲವೇ ಬತ್ತಿದರೆ, ಆ ಊರಿಗೆ ಮೊದಲು ಕೈಪಂಪು ಬರುತ್ತದೆ.

ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಡೆ ಕಾಡಂಚಿನ ಊರೊಂದಕ್ಕೆ ಹೋಗಿದ್ದೆವು. ಜಗಲಿಯ ಮೇಲೆ ಕೂತಿದ್ದ ಮುದುಕನನ್ನು ನೀರು ಎಷ್ಟು ದೂರ ಎಂದು ಕೇಳಿದೆ.

"ಹತ್ರಾನೇ. ಒಂದು ಬೀಡಿ ಹಚ್ಚಿದ್ರೆ ಆರೋದ್ರೊಳ್ಗೆ ಓಗ್ಬೋದು."

ಸರಪಳಿ ಎಳೆಯುತ್ತ ಹೊರಟೆವು. ಇಳಿಜಾರು, ಮುಳ್ಳು, ಮತ್ತೆ ಇಳಿಜಾರು. ಹಳ್ಳದ ಮರಳು ತೋಡಿ ಹೆಂಗಸರು ಒರತೆ ನೀರು ಬಟ್ಟೆಯಲ್ಲಿ ಸೋಸುತ್ತಿದ್ದ ಜಾಗ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ವಾಪಸು ಬಂದು ಮುದುಕನ ಮುಂದೆ ನಿಂತು ಕೇಳಿದೆ. "ತಾತ, ನಿನ್ ಬೀಡಿ ಇನ್ನೂ ಉರೀತೈತಾ? ಯಾವತ್ತಾನಾ ಒಂದು ಕೊಡ ತಂದಿದ್ದೀಯಾ?"

"ನಾನ್ಯಾಕ್ಲಾ ತರ್ಲಿ? ಮನೇಲಿ ಮೂರು ಜನ ಸೊಸೇರವ್ರೆ."

ಆವತ್ತು ಸಾರ್‌ಗೆ ನಾನೇ ಬುದ್ಧಿ ಹೇಳಿದೆ. ನೀರಿನ ಮಾತನ್ನು ಗಂಡಸರ ಹತ್ತಿರ ಕೇಳಬಾರದು, ಅವರಿಗೆ ನೀರು ಅಂದರೆ ಚೊಂಬಿನಲ್ಲಿರುವುದು, ಒಳಗಿನಿಂದ ಹೆಂಗಸರನ್ನು ಕರೆಸಿ ಕೇಳಬೇಕು ಎಂದೆ. ಸಾರ್ ಬಹಳ ಮೆಚ್ಚಿಕೊಂಡು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಓದದ ನನ್ನ ಮಾತನ್ನು ಓದಿದವರು ಬರೆದುಕೊಂಡರಲ್ಲ ಎಂದು ಸಂಜೆಯವರೆಗೆ ಸರಪಳಿ ಹಗುರವಾಗಿತ್ತು.

ಇನ್ನೊಂದು ಊರಿನಲ್ಲಿ ಬಾವಿ ಒಂದು ಮನೆಯಿಂದ ನಲವತ್ತು ಹೆಜ್ಜೆ. ಆ ಮನೆಯವಳು ಮಾತ್ರ ಖಾಲಿ ಕೊಡದ ಪಕ್ಕದಲ್ಲಿ ಬಾವಿಯಿಂದ ದೂರ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಜಾತಿಯವರು ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು, ಮನಸ್ಸಾಗಿ, ಸೇದಿ ಅವಳ ಕೊಡಕ್ಕೆ ಹುಯ್ಯಬೇಕು. ನಾವು ಆ ಬೀದಿ ಮುಗಿಸಿ ಬರುವಾಗಲೂ ಅಲ್ಲೇ ಕೂತಿದ್ದಳು. ಸಾರ್ ಕಾಗದ ತಿರುವಿ ತಿರುವಿ ನೋಡಿದರು. ದೂರಕ್ಕೆ ಜಾಗವಿತ್ತು, ಕಾಯುವುದಕ್ಕೆ ಇರಲಿಲ್ಲ. ನಲವತ್ತು ಹೆಜ್ಜೆ ಎಂದೇ ಬರೆದರು.

ಕೊನೆಗೆ ನಮ್ಮ ಊರಿನ ಸರದಿ ಬಂತು. ಮಾಗಿಯ ಕಾಲ. ಹಿಂಗಾರು ಸುರಿದು ಬಾವಿಯಲ್ಲಿ ನಾಲ್ಕಾಳು ನೀರಿತ್ತು. ಸಾರ್ ಅವರನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಬಗ್ಗಿ ನೋಡಿ ಎಂದೆ. ಬಂಡೆಯಲ್ಲಿ ಉಳಿಯ ಗುರುತು ತೋರಿಸಿದೆ. ಊರಿನ ನಾಲ್ಕು ಜನ ಸುತ್ತ ನಿಂತಿದ್ದರು. ನಮ್ಮ ಮನೆ ಕಟ್ಟೆಯ ಎದುರಿಗೇ ಇರುವುದರಿಂದ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ವರ್ಷ ಪೂರ್ತಿ ಇರುತ್ತಾ?" ಎಂದು ಸಾರ್ ತಮಿಳಿನಲ್ಲಿ ಕೇಳಿದರು.

"ಒಂದು ದಿನಾನೂ ಬತ್ತಿದ್ದಿಲ್ಲ ಸಾರ್. ನಾನು ತೋಡಿದ ಬಾವಿ."

ಬಾಗಿಲಿನಿಂದ ಅವಳು, "ಬ್ಯಾಸ್ಗೇಲಿ..." ಎಂದಳು. ನಾನು ತಿರುಗಿ ನೋಡಿದೆ. ಬೈಯಲಿಲ್ಲ, ಕೈ ಎತ್ತಲಿಲ್ಲ, ಬರೀ ನೋಡಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ಸುತ್ತ ನಿಂತವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಅದು ನನ್ನ ಮಾನದ ಮಾತು ಎಂದು ಅವರಿಗೂ ಗೊತ್ತಿತ್ತು. ಸಾರ್‌ಗೆ ಕನ್ನಡ ಬರುವುದಿಲ್ಲ. ಅವಳು ಏನಂದಳು ಎಂದು ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಊರೂರಲ್ಲಿ ಹೆಂಗಸರ ಮಾತನ್ನು ತಮಿಳಿಗೆ ತಿರುಗಿಸಿದ ನನ್ನ ನಾಲಿಗೆ ನಮ್ಮ ಮನೆಯವಳ ಒಂದು ಮಾತಿಗೆ ತಿರುಗಲಿಲ್ಲ.

"ನಲ್ಲ ಊರಪ್ಪಾ" ಎಂದು ನಮ್ಮ ಊರನ್ನು ಮೆಚ್ಚಿ ಸಾರ್ ನನ್ನ ಬೆನ್ನು ತಟ್ಟಿದರು.

ಪಂಪಿನ ಪಟ್ಟಿಯಲ್ಲಿ ನಮ್ಮ ಊರು ಬರಲಿಲ್ಲ. ಆ ಬೇಸಿಗೆ ಗುಂಡಿಯ ನೀರೂ ಕೆಸರಾಯಿತು. ವೈಶಾಖದ ಒಂದು ಬೆಳಿಗ್ಗೆ ನಾನು ಹೊಲದಲ್ಲಿ ಬದು ಹಾಕುತ್ತಿದ್ದಾಗ ಹೆಂಗಸರು ಕೂಗಿದರು. ಮೇಲಿನಿಂದ ಐದನೇ ಕಲ್ಲಿನಿಂದ ಆರನೆಯದಕ್ಕೆ ಕಾಲು ಹುಡುಕುವಾಗ ಅವಳ ಕೈ ಜಾರಿತ್ತು. ನಾನು ಇಳಿದೆ. ನನ್ನ ಕಾಲಿಗೆ ಆ ಕಲ್ಲುಗಳು ಎಷ್ಟು ಸಲೀಸಾಗಿ ಸಿಕ್ಕವೆಂದರೆ, ಕತ್ತಲಲ್ಲೂ ಇಳಿಯಬಹುದಿತ್ತು. ಅವಳು ಬಂಡೆಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಪ್ರಜ್ಞೆ ಇತ್ತು. "ಕೊಡ ಒಡ್ದೋಯ್ತು" ಎಂದಳು.

ಸೊಂಟದ ಮೂಳೆ ಮುರಿದಿತ್ತು. ಹೊಸೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಮಲಗಿದಳು. ಮೂಳೆ ಕೂಡಿಕೊಂಡಿತು, ಆದರೆ ಒಂದು ಕಾಲು ಗಿಡ್ಡವಾಯಿತು. ರಾಗಿ ಕೊಯ್ಲಿಗೆ ಇಳಿದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಹಿಂತಿರುಗಿ ಹಾಸ್ಯ ಮಾಡುತ್ತಿದ್ದವಳು, ಕೋಲು ಹಿಡಿದು ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಮನೆಗೆ ನೀರು ತರುವ ಕೆಲಸ ನನ್ನದಾಯಿತು. ಹೆಣ್ಣುಮಕ್ಕಳಿಲ್ಲದ ಮನೆ ನಮ್ಮದು. ಮೊದಲ ದಿನ ಹೆಗಲ ಮೇಲೆ ಕೊಡ ಇಟ್ಟುಕೊಂಡು ಬಾವಿಯಿಂದ ಬೀದಿ ದಾಟುವಾಗ ಅರಳಿಕಟ್ಟೆಯ ಮೇಲಿದ್ದವರು ಸುಮ್ಮನಿರಲಿಲ್ಲ.

"ಏನ್ಲಾ, ಬಳೆ ಯಾವಾಗ ತೊಡ್ತೀಯಾ?"

"ತೋಡ್ದೋನೇ ಹೊರ್ಲಿ ಬುಡ್ಲಾ, ಅವ್ನಿಗಲ್ವಾ ನೀರಿನ ರುಚಿ ಗೊತ್ತಿರಾದು."

ಕಲ್ಲು ಒಡೆಯುವ ಮೈ ನನ್ನದು. ಆದರೂ ಆರನೇ ಕೊಡಕ್ಕೆ ಕತ್ತು ಸೆಟೆದುಕೊಂಡಿತು. ನಾನೇ ಇಳಿದು, ಚಿಪ್ಪಿನಲ್ಲಿ ಮೊಗೆದು, ನೀರು ಊರಲಿ ಎಂದು ತಳದಲ್ಲಿ ಕೂತು, ಮತ್ತೆ ಮೊಗೆದು, ಎಲ್ಲ ಮುಗಿಯುವಾಗ ಹುಣಸೆಮರದ ನೆರಳು ಬಾವಿಕಟ್ಟೆ ಬಿಟ್ಟು ಹೋಗಿರುತ್ತಿತ್ತು. ಇಪ್ಪತ್ತು ಊರುಗಳಲ್ಲಿ ಸರಪಳಿ ಎಳೆದಿದ್ದೆ. ಒಂದು ದಿನದ ನೀರಿಗೆ ಒಂದು ದಿನದ ಎಷ್ಟು ಭಾಗ ಹೋಗುತ್ತದೆ ಎಂದು ತಿಳಿದದ್ದು ಆವಾಗ.

ಹಿಂಗಾರಿಗೆ ಮುಂಚೆ ಹತ್ತು ಕಲ್ಲು ಕೆತ್ತಿದೆ. ಹಳೆಯ ಎರಡೆರಡು ಕಲ್ಲುಗಳ ಮಧ್ಯೆ ಒಂದೊಂದು. ಮನೆಯ ಮುಂದೆಯೇ ಕೂತು ಕೆತ್ತುತ್ತಿದ್ದೆ. ಉಳಿಯ ಸದ್ದಿಗೆ ಅವಳು ಬಾಗಿಲಿಗೆ ಬಂದು ಕೋಲಿನ ಮೇಲೆ ಭಾರ ಹಾಕಿ ನಿಂತಳು.

"ಯಾರಿಗೆ?" ಎಂದಳು.

ಕಲ್ಲಿನ ಪುಡಿ ಊದಿ ಕೆಲಸ ಮುಂದುವರಿಸಿದೆ.

ಮೂರು ನಾಲ್ಕು ವರ್ಷದ ಮೇಲೆ ಇನ್ನೊಂದು ಸರ್ವೆ ಬಂತು. ಈ ಸಲ ಬೆಂಗಳೂರಿನ ಕಡೆಯಿಂದ ಬಂದ, ಕನ್ನಡ ಬರುವ ಒಬ್ಬ ಹೆಣ್ಣುಮಗಳು, ಹೆಗಲಿಗೆ ಬಟ್ಟೆ ಚೀಲ. ಪ್ರಶ್ನೆಗಳು ಹೆಚ್ಚುಕಡಿಮೆ ಹಳೆಯವೇ. ಅದೂ ಮಾಗಿಯ ಕಾಲವೇ, ಬಾವಿ ತುಂಬಿತ್ತು. ಸುತ್ತ ಅದೇ ನಾಲ್ಕು ಜನ.

"ನೀರಿನ ವಿಚಾರ ನನ್ನ ಕೇಳ್ಬೇಡಮ್ಮ" ಎಂದೆ. "ಒಳಗವ್ಳೆ, ಅವ್ಳನ್ನ ಕೇಳು."

ಅವಳು ಕೋಲೂರಿಕೊಂಡು ಬಂದು ಹೊಸ್ತಿಲಲ್ಲಿ ಕೂತಳು. ಬಾವಿಯಲ್ಲಿ ವರ್ಷವೆಲ್ಲ ನೀರಿರುತ್ತದಾ ಅಮ್ಮ ಎಂದು ಆ ಹುಡುಗಿ ಕೇಳಿದಳು. ಹೆಂಡತಿ ಜನರನ್ನು ನೋಡಿದಳು, ನನ್ನನ್ನು ನೋಡಿದಳು.

"ಇರ್ತದಮ್ಮ. ಒಂದು ದಿನಾನೂ ಬತ್ತಿದ್ದಿಲ್ಲ" ಎಂದಳು. "ನಮ್ಮೋರು ತೋಡಿದ ಬಾವಿ."

ನನ್ನ ಮಾತನ್ನೇ, ಆವತ್ತು ಸಾರ್‌ಗೆ ಹೇಳಿದ್ದನ್ನೇ, ಇಟ್ಟುಕೊಂಡಿದ್ದಳು. ಅದರಲ್ಲಿ ಕೊಂಕು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ನಾಲ್ಕು ಜನರ ಮುಂದೆ ಗಂಡನ ಮಾನ ಕಾಯುತ್ತಿದ್ದಳು, ಅಷ್ಟೇ. ಹುಡುಗಿ ಪೆನ್ನು ಇಳಿಸಿ ಬರೆಯತೊಡಗಿದಳು.

"ಬರೀಬೇಡಮ್ಮ" ಎಂದೆ. "ಬತ್ತೋಗ್ತದೆ. ಚೈತ್ರದಿಂದ ಆಷಾಢದವರ್ಗೂ ನೀರಿಲ್ಲ. ಕೆಳಗಿಳಿದು ಚಿಪ್ಪಲ್ಲಿ ಮೊಗೀಬೇಕು. ಇವ್ಳ ಕಾಲು ಹೋಗಿದ್ದು ಅದ್ರಲ್ಲೇ, ಈಗ ನೀರು ತರೋನು ನಾನು. ಹೋದ ಸಲ ಸುಳ್ಳು ಬರ್ಸಿದ್ದು ನಾನು. ಅದೂ ಬರ್ಕೋ."

ಹುಡುಗಿ ಹೊಡೆದು ಹಾಕಿ ಬೇರೆ ಬರೆದಳು. ನೀರು ತರುವವರು ಯಾರು ಎಂಬ ಕಡೆ ಅಭ್ಯಾಸದ ಮೇಲೆ ಮೊದಲೇ ಹೆಂಗಸರು ಎಂದು ಗುರುತು ಹಾಕಿದ್ದಳಂತೆ, ಅದನ್ನೂ ಹೊಡೆದಳು. ದಿನಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದಾಗ ಹೆಂಡತಿ ನನ್ನ ಕಡೆ ಗದ್ದ ತೋರಿಸಿದಳು. ಹೇಳಿದೆ.

ಪಂಪು ಬರಲು ಇನ್ನೂ ಒಂದು ಬೇಸಿಗೆ ಕಳೆಯಿತು. ನಮ್ಮ ಬಾಗಿಲಿನಿಂದ ಆಚೆ, ಬೀದಿಯ ತಿರುವಿನಲ್ಲಿ ಹಾಕಿದರು. ಜನ ಕಡಿಮೆಯಾದ ಹೊತ್ತು ನೋಡಿ ಅವಳು, ನಾನೂ ಬತ್ತೀನಿ ಎಂದು ಹೊರಟಳು. ನಾನು ಕೊಡ ಹಿಡಿದು ಅವಳ ಹಿಂದೆ ನಡೆದೆ. ನನ್ನ ಹೆಜ್ಜೆಯಲ್ಲಿ ಐವತ್ತಿದ್ದೀತು. ಅವಳು ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಪಂಪಿನ ಹಿಡಿಗೆ ಭಾರ ಹಾಕಿ ಒತ್ತಲು ಕಾಲು ಊರಬೇಕು, ಅದು ಅವಳಿಂದ ಆಗಲಿಲ್ಲ. ಹಿಡಿ ನಾನು ತೆಗೆದುಕೊಂಡೆ. ಅವಳು ಕಟ್ಟೆಯ ಮೇಲೆ ಕೂತು ಕೊಡದ ಬಾಯನ್ನು ನೀರಿನ ಧಾರೆಗೆ ಹಿಡಿದಳು. ಕಬ್ಬಿಣದ ವಾಸನೆಯ ತಣ್ಣನೆ ನೀರು. ಕೊಡ ಅರ್ಧ ತುಂಬಿದಾಗ, "ಸಾಕು" ಎಂದು ಪಕ್ಕಕ್ಕೆಳೆದುಕೊಂಡಳು.

"ತುಂಬ ಹಿಡಿಯೇ. ಹೊರೋನು ನಾನು ತಾನೇ" ಎಂದೆ.

"ಗೊತ್ತು" ಎಂದಳು. "ಅದ್ಕೇ ಸಾಕು ಅಂದಿದ್ದು."