ತಪ್ಪಲೆಯ ಒಳಮೈ

ಹಿತ್ತಾಳೆಯ ಪಾತ್ರೆಯಲ್ಲಿ ನೀರು ತುಂಬಿಡಬಹುದು, ಕಾಳು ತುಂಬಿಡಬಹುದು. ಹುಳಿ ಮಾತ್ರ ಇಡಬಾರದು. ಹುಣಸೆ ರಸವೋ ಮಜ್ಜಿಗೆಯೋ ಬರಿಯ ಹಿತ್ತಾಳೆಗೆ ತಾಗಿ ಒಂದು ರಾತ್ರಿ ಕಳೆದರೆ ಹಸಿರು ಕಿಲುಬು ಬಿಡುತ್ತದೆ. ಅದು ವಿಷ. ಅದಕ್ಕಾಗಿಯೇ ಒಳಮೈಗೆ ತವರದ ತೆಳುವಾದ ಲೇಪ ಕೊಡಿಸುತ್ತಾರೆ, ಅದೇ ಕಲಾಯಿ. ಇಷ್ಟನ್ನು ಕೊಂಡ್ಲಹಳ್ಳಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

ಆ ಊರಿಗೆ ನಾನು ಸೊಸೆಯಾಗಿ ಬಂದದ್ದು ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ವಯಸ್ಸು ಹದಿನೈದು ಇರಬಹುದು, ಬರೆದಿಟ್ಟವರಿಲ್ಲ. ಅಪ್ಪನ ಮನೆ ಮೊಳಕಾಲ್ಮೂರಿನ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿತ್ತು. ಅಲ್ಲಿ ಅಡುಗೆಯೆಲ್ಲ ಮಣ್ಣಿನ ಗಡಿಗೆಯಲ್ಲಿ, ರೊಟ್ಟಿ ಕಬ್ಬಿಣದ ಹಂಚಿನ ಮೇಲೆ. ಹಿತ್ತಾಳೆಯದು ಎಂದು ಇದ್ದದ್ದು ನೀರು ಕುಡಿಯುವ ಒಂದೇ ಒಂದು ಚೆಂಬು. ಅವ್ವ ಅದನ್ನು ಹುಣಸೆಹಣ್ಣು, ಮರಳು ಹಾಕಿ ಒಳಗೂ ಹೊರಗೂ ಒಂದೇ ಸಮನೆ ಉಜ್ಜುತ್ತಿದ್ದಳು. ಪಾತ್ರೆ ಉಜ್ಜುವುದೆಂದರೆ ನನಗೆ ತಿಳಿದದ್ದು ಅಷ್ಟೇ.

ಗಂಡನ ಮನೆಯಲ್ಲಿ ಐದಾರು ಹಿತ್ತಾಳೆ ಪಾತ್ರೆಗಳಿದ್ದವು. ಅವುಗಳಿಗೆ ಕಲಾಯಿ ಹಾಕಲು ವರ್ಷಕ್ಕೊಮ್ಮೆ ಚಳ್ಳಕೆರೆಯಿಂದ ಒಬ್ಬ ಸಾಬರು ಬಂದು ಊರ ಮುಂದಿನ ಬೇವಿನ ಮರದ ಕೆಳಗೆ ಕೆಂಡ ಊದುವ ತಿದಿ ಹೂಡುತ್ತಿದ್ದರು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒಮ್ಮೆ ಒರೆಸಿದರೆ ಒಳಗೆಲ್ಲ ಬೆಳ್ಳಗಾಗುತ್ತಿತ್ತು. ಅಪ್ಪಟ ತವರದ ಕಡ್ಡಿಯನ್ನು ಬಗ್ಗಿಸಿದರೆ ಕರಕರ ಎಂಬ ಸಣ್ಣ ಸದ್ದು ಬರುತ್ತದೆ. ಕೆಲಸ ಶುರು ಮಾಡುವ ಮೊದಲು ಕಡ್ಡಿಯನ್ನು ಮನೆಯ ಯಜಮಾನಿಯ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ಕೇಳಿಸುವುದು ಅವರ ವಾಡಿಕೆಯಾಗಿತ್ತು. ನಾನು ಬಂದ ವರ್ಷ ಅವರು ಕಡ್ಡಿ ತರಲಿಲ್ಲ. ಚೀಲದಲ್ಲಿ ಲೋಹದ ಉಂಡೆಗಳಿದ್ದವು.

"ಏನ್ರೀ ಸಾಬ್ರೆ, ಈ ಸಲ ನಿಮ್ ತವರ ಮಾತಾಡಂಗಿಲ್ಲೇನು?" ಎಂದರು ಅತ್ತೆ.

"ಲಡಾಯಿ ಕಾಲ ಅಕ್ಕಾ. ಸರಕಾರ ಎಲ್ಲಾರ ಬಾಯಿ ಮುಚ್ಚಿಸೈತೆ, ತವರದ್ದೂ ಸೇರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಏನೂ ಅರ್ಥವಾಗದೆ.

ಇಪ್ಪತ್ತು ದಿನ ಕಳೆದಿರಬಹುದು. ಅತ್ತೆಯೂ ಗಂಡನೂ ಸಜ್ಜೆ ಕೊಯ್ಲಿಗೆ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಗಂಡನ ತಂಗಿ. ಅವಳಿಗೆ ಆರು ವರ್ಷ. ಹಿಂದಿನ ತಿಂಗಳು ಚಳಿಜ್ವರ ಬಂದು ಎದ್ದಿದ್ದಳು. ಕೈಕಾಲು ಇನ್ನೂ ಕಡ್ಡಿಯ ಹಾಗಿದ್ದವು. ದಿನವೂ ಅತ್ತೆಯೇ ಬೂದಿ ಹಾಕಿ ತೊಳೆಯುತ್ತಿದ್ದ ದೊಡ್ಡ ತಪ್ಪಲೆಯನ್ನು ಹಿತ್ತಲಿಗೆ ಒಯ್ದೆ. ಹೊರಗೆ ಹಳದಿಯಾಗಿ ಹೊಳೆಯುತ್ತಿತ್ತು. ಒಳಗೆ ಮಂಕು ಬೂದಿಬಣ್ಣ, ಅಲ್ಲಲ್ಲಿ ಕಪ್ಪು. ಕಲಾಯಿ ಅಡುಗೆಯ ಬಿಸಿಗೆ ಹಾಗೆ ಮಂಕಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಹತ್ತಿಕೊಂಡ ಕೊಳೆ ಎಂದುಕೊಂಡೆ. ಅತ್ತೆ ಬರುವಷ್ಟರಲ್ಲಿ ತೆಗೆದುಬಿಡಬೇಕು ಅನ್ನಿಸಿತು. ಹುಣಸೆಹಣ್ಣು ನೆನೆಸಿ, ಹಳ್ಳದ ಮರಳು ತಂದು, ಮಧ್ಯಾಹ್ನವೆಲ್ಲ ಉಜ್ಜಿದೆ. ಅವ್ವನ ಚೆಂಬಿನ ಹಾಗೆ ಒಳಗೂ ಹಳದಿ ಕಂಡಿತು. ಹುಡುಗಿ ಬಗ್ಗಿ ಇಣುಕಿದಳು.

"ಅತ್ಗೆ, ಮುಖ ಕಾಣ್ತೈತೆ! ನಿಂದೂ ಕಾಣ್ತೈತೆ, ಮಸಿ ಬಳ್ಕಂಡು ಕೋತಿ ಆಗಿದ್ದಿ ನೋಡು!"

ಆ ಸಂಜೆ ಅದೇ ತಪ್ಪಲೆಯಲ್ಲಿ ಹುಳಿಸಾರು ಮಾಡಿದೆ. ಒಲೆಯ ಮೂಲೆ ಕತ್ತಲೆ. ಅತ್ತೆ ದಣಿದು ಬಂದವರು ಒಳಗೆ ನೋಡಲಿಲ್ಲ. ಎಲ್ಲರೂ ಉಂಡರು, ಯಾರಿಗೂ ಏನೂ ಆಗಲಿಲ್ಲ. ಉಳಿದ ಸಾರನ್ನು ಅದರಲ್ಲೇ ಮುಚ್ಚಿಟ್ಟೆ. ಬೆಳಿಗ್ಗೆ ಅವರು ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಆಮೇಲೆ ಹುಡುಗಿಗೆ ತಂಗಳು ಮುದ್ದೆ ಮುರಿದು ಆ ಸಾರು ಹಾಕಿ ಕೊಟ್ಟೆ.

"ಒಂಥರಾ ಐತೆ ಅತ್ಗೆ," ಎಂದಳು.

"ಬಾಯಿ ಕೆಟ್ಟೈತೆ ನಿಂಗೆ. ಜ್ವರ ಬಂದಿದ್ದೋಳು, ಉಣ್ಣು."

ಪೂರ್ತಿ ಉಂಡಳು. ನಾನೂ ಎರಡು ತುತ್ತು ಉಂಡೆ. ಬಿಸಿಲೇರುವ ಹೊತ್ತಿಗೆ ಅವಳಿಗೆ ವಾಂತಿ ಶುರುವಾಯಿತು. ನನಗೆ ಒಮ್ಮೆ ಆಗಿ ನಿಂತಿತು. ಅವಳದು ನಿಲ್ಲಲಿಲ್ಲ. ಮಜ್ಜಿಗೆ ಕುಡಿಸಿದರು, ಬೇರು ತೇಯ್ದು ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಹೋದಳು. ಕಿಲುಬೇ ಕೊಂದಿತೋ, ಜ್ವರದಲ್ಲಿ ಸೋತಿದ್ದ ದೇಹ ತಡೆಯಲಿಲ್ಲವೋ, ನೋಡಿ ಹೇಳುವ ವೈದ್ಯರು ಹತ್ತಿರದಲ್ಲಿ ಯಾರೂ ಇರಲಿಲ್ಲ. ನನಗೆ ಗೊತ್ತಿರುವುದು ಅವಳು ಏನು ಉಂಡಳು, ಯಾರು ಬಡಿಸಿದರು ಎಂಬುದು.

ಮಣ್ಣಿಗೆ ಬಂದಿದ್ದ ಮುದುಕಿಯೊಬ್ಬಳು ಹಿತ್ತಲಲ್ಲಿ ಬಿದ್ದಿದ್ದ ತಪ್ಪಲೆಯನ್ನು ಎತ್ತಿ ನೋಡಿ, ಅಂಚಿನ ಹಸಿರನ್ನು ಬೆರಳಿಂದ ಮುಟ್ಟಿ ತೋರಿಸಿದಳು. ಕಲಾಯಿಯೇ ಇಲ್ಲ ಎಂದಳು. ಸಾಬರು ಆಗ ಮೂರು ಹರಿದಾರಿ ದೂರದ ಊರಿನಲ್ಲಿ ಕೆಲಸ ಮಾಡುತ್ತಿದ್ದರು. ಜನ ಹೋಗಿ ಕರೆತಂದರು. ಅವರು ಅಂಗಳದಲ್ಲಿ ಕುಳಿತು ತಪ್ಪಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಏನಾಕಿ ಉಜ್ಜಿದ್ರಿ ಅಕ್ಕಾ?"

"ಬೂದಿ. ಇನ್ನೇನಾಕ್ತೀವಿ? ನಿಂಗೊತ್ತಿಲ್ವೇನು ನಮ್ಮನೆ?" ಎಂದರು ಅತ್ತೆ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅಂದೇ ನನ್ನನ್ನು ಅಪ್ಪನ ಮನೆಗೆ ಅಟ್ಟುತ್ತಾರೆ, ಮಗುವನ್ನು ಕೊಂದು ಬಂದವಳು ಎಂಬ ಹೆಸರು ಹೊತ್ತು ಅಲ್ಲಿ ಬದುಕಬೇಕು ಎಂದು ಲೆಕ್ಕ ಹಾಕಿದ್ದು ನೆನಪಿದೆ. ಗಾಬರಿಯಲ್ಲಿ ಬಾಯಿ ಕಟ್ಟಿತು ಎಂದು ಬರೆಯಬಹುದಿತ್ತು. ಅದು ನಿಜವಲ್ಲ.

ಸಾಬರು ತಪ್ಪಲೆ ಕೆಳಗಿಟ್ಟು ಪೇಟ ತೆಗೆದರು. "ತಪ್ಪು ನಂದು ಅಕ್ಕಾ. ತವರ ಸಿಗ್ಲಿಲ್ಲ. ಅರ್ಧಕ್ಕರ್ಧ ಸೀಸ ಬೆರೆಸಿದ್ದೆ. ಸೀಸ ಮೆತ್ತಗೆ, ತಡೀಲಿಲ್ಲ."

ಯಾರೋ ಅವರ ಕೊರಳಪಟ್ಟಿ ಹಿಡಿದರು. ಅತ್ತೆ ಬಿಡಿಸಿದರು. "ಹೊಡೀಬ್ಯಾಡ್ರಿ. ಹೋಗ್ಲಿ. ಮತ್ತೆ ಈ ಊರ್ ತುಳೀಬ್ಯಾಡ ಅಂತ ಹೇಳ್ರಿ." ಸುತ್ತಲಿನ ಊರುಗಳಿಗೂ ಸುದ್ದಿ ಹರಡಿತು. ಆ ಕಡೆ ಅವರ ತಿದಿಯ ಸದ್ದು ಮತ್ತೆ ಕೇಳಲಿಲ್ಲ.

ಏಳು ವರ್ಷ ನಾನು ಸುಮ್ಮನಿದ್ದೆ. ಆ ವೇಳೆಗೆ ನನಗೂ ಇಬ್ಬರು ಮಕ್ಕಳಾಗಿದ್ದರು. ಒಮ್ಮೆ ಗಂಡನ ಜೊತೆ ಗಾಡಿಯಲ್ಲಿ ಚಳ್ಳಕೆರೆಗೆ ಹೋದಾಗ, ಅವರು ಎಣ್ಣೆ ಗಾಣದ ಹತ್ತಿರ ನಿಂತಿದ್ದಾಗ, ನಾನು ಕೇಳುತ್ತ ಹೋಗಿ ಸಾಬರ ಮನೆ ಹುಡುಕಿದೆ. ಅವರು ಜಗುಲಿಯ ಮೇಲೆ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ, ಬೆಸುಗೆ ಹಾಕಿ, ಬುಡ್ಡಿದೀಪ ಮಾಡುತ್ತಿದ್ದರು. ಉಣ್ಣುವ ಪಾತ್ರೆ ಮುಟ್ಟುವುದನ್ನು ಬಿಟ್ಟು ಏಳು ವರ್ಷವಾಯಿತು ಎಂದರು. ನಾನು ನಿಂತಲ್ಲೇ ಎಲ್ಲ ಹೇಳಿದೆ.

ಅವರು ಕತ್ತರಿ ಕೆಳಗಿಡಲಿಲ್ಲ. "ಮರಳಿನ ಗೆರೆ ಅವತ್ತೇ ಕಂಡಿದ್ದೆ ಬೇಟಿ."

"ಮತ್ಯಾಕ್ರಿ ಹೇಳ್ಲಿಲ್ಲ?"

"ಸೀಸ ಆಕಿದ್ದೂ ಸುಳ್ಳಲ್ವಲ್ಲ. ಒಳ್ಳೆ ತವರ ಆಗಿದ್ರೆ ಒಂದಿಷ್ಟಾದ್ರೂ ಉಳೀತಿತ್ತೇನೋ. ಉಳೀತಿರ್ಲಿಲ್ವೇನೋ. ದಿನಾ ಯೋಚನೆ ಮಾಡ್ತೀನಿ, ಇತ್ಯರ್ಥ ಆಗಲ್ಲ." ಆಮೇಲೆ ತಲೆಯೆತ್ತಿ ಕೇಳಿದರು: "ಅಕ್ಕನಿಗೆ ಹೇಳಿದ್ಯಾ?"

ಇಲ್ಲ ಎಂದೆ.

"ಹಂಗಾದ್ರೆ ನನ್ ಹತ್ರ ಹೇಳಿ ಏನ್ ಬಂತು?" ಎಂದು ತಗಡಿನ ಕಡೆಗೆ ತಿರುಗಿಕೊಂಡರು.

ಊರಿಗೆ ಮರಳಿದ ದಿನವೇ ಅತ್ತೆಗೆ ಹೇಳಿದೆ. ಅವರು ಮೊರದಲ್ಲಿ ನವಣೆ ಕೇರುತ್ತಿದ್ದರು. ಕೇರುವುದನ್ನು ನಿಲ್ಲಿಸಿ ಕೇಳಿದರು. "ಅವ್ಳು ಬ್ಯಾಡ ಅಂದ್ಲೇನು, ಉಣ್ಣುವಾಗ?" ಎಂದಷ್ಟೇ ಪ್ರಶ್ನೆ. ಒಂಥರಾ ಐತೆ ಅಂದಳು, ನಾನೇ ಉಣ್ಣು ಅಂದೆ ಎಂದೆ. ಅವರು ಮೊರ ಕೆಳಗಿಟ್ಟು ಎದ್ದು ಒಳಗೆ ಹೋದರು.

ಬೈಯಲಿಲ್ಲ. ಅಪ್ಪನ ಮನೆಗೂ ಅಟ್ಟಲಿಲ್ಲ. ಸಾಬರಿಗೆ ಬರಲು ಹೇಳಿ ಕಳಿಸಿದರು, ಅವರು ಬರಲಿಲ್ಲ. ಮಾರನೆಯ ದಿನದಿಂದ ಅತ್ತೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಮ್ಮದನ್ನು ತಾವೇ ಬೇಯಿಸಿಕೊಂಡರು. ನನ್ನ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು, ಬಾಣಂತನದಲ್ಲಿ ನನಗೆ ನೀರು ಕಾಯಿಸಿ ಎರೆದರು. ನಾನು ಬೇಯಿಸಿದ್ದನ್ನು ಮಾತ್ರ ಹನ್ನೊಂದು ವರ್ಷ ಮುಟ್ಟಲಿಲ್ಲ. ಕಡೆಯ ವಾರ ಮಲಗಿದಲ್ಲೇ ಇದ್ದರು. ಗಂಜಿ ಮಾಡಿ ತುಟಿಗೆ ಹಿಡಿದೆ. ಎರಡು ಗುಟುಕು ಒಳಗೆ ಹೋಯಿತು. ಒಪ್ಪಿ ಕುಡಿದರೋ, ಮುಖ ತಿರುಗಿಸುವಷ್ಟು ತ್ರಾಣ ಇರಲಿಲ್ಲವೋ, ನಾನು ಹೇಳಲಾರೆ.